ಅಕ್ಕ ಎಷ್ಟು?

ಮೂರನೆಯ ಉತ್ತರ ಪತ್ರಿಕೆಯಲ್ಲೂ ಅಕ್ಕ ಬಂದು ಕೂತಿದ್ದಳು.

ದೊಡ್ಡ ಮಿಸ್ ಕೆಂಪು ಪೆನ್ನನ್ನು ಊಟದ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಪ್ರಶ್ನೆ ಸರಳವಾದದ್ದೇ. ಒಂದು ಸಂಖ್ಯೆಯ ಮೂರರಷ್ಟಕ್ಕೆ ಐದು ಕೂಡಿಸಿದರೆ ನಲವತ್ತೊಂದು ಬರುತ್ತದೆ, ಆ ಸಂಖ್ಯೆ ಯಾವುದು? ಒಂಬತ್ತನೇ ತರಗತಿಯ ಯಾವ ಮಗುವಾದರೂ ಗೊತ್ತಿಲ್ಲದ ಆ ಸಂಖ್ಯೆಗೆ ಎಕ್ಸ್ ಎಂದು ಹೆಸರಿಟ್ಟು ಲೆಕ್ಕ ಶುರು ಮಾಡಬೇಕು. ಪುಸ್ತಕದಲ್ಲಿ ಇರುವುದು ಹಾಗೆ, ಅವರು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದೂ ಹಾಗೆ. ಈ ಮಗು ಬರೆದಿತ್ತು: 'ಮೂರು ಅಕ್ಕ ಕೂಡಿಸು ಐದು ಸಮ ನಲವತ್ತೊಂದು. ಮೂರು ಅಕ್ಕ ಸಮ ಮೂವತ್ತಾರು. ಅಕ್ಕ ಸಮ ಹನ್ನೆರಡು.' ಉತ್ತರ ಸರಿಯಾಗಿಯೇ ಇತ್ತು. ಅದೇ ಅವರನ್ನು ಇನ್ನಷ್ಟು ಉರಿಸಿತು.

ಅವರು ಕಟ್ಟನ್ನು ಬಿಚ್ಚಿ ಸರಸರ ಮಗುಚಿದರು. ನಾಲ್ಕನೆಯದರಲ್ಲಿ ಅಕ್ಕ. ಐದನೆಯದರಲ್ಲಿ ಅಕ್ಕನಿಗೆ ಒಂದು ಚೌಕಟ್ಟು ಬೇರೆ ಹಾಕಿತ್ತು. ಒಬ್ಬ ಮಹಾರಾಯ ಕೊನೆಗೆ ಅಡಿಗೆರೆ ಎಳೆದು 'ಅಕ್ಕ ಸಿಕ್ಕಳು' ಎಂದು ಬರೆದಿದ್ದ. ಬಿ ವಿಭಾಗದ ಇಡೀ ಕಟ್ಟಿನಲ್ಲಿ ಎಕ್ಸ್ ಬರೆದ ಮಗು ಹುಡುಕಿದರೂ ಸಿಗಲಿಲ್ಲ.

ಇಡೀ ಶಾಲೆಯಲ್ಲಿ ದೊಡ್ಡ ಮಿಸ್ಸನ್ನು ಅಕ್ಕಾ ಎಂದು ಕರೆಯುವವರು ಒಬ್ಬರೇ. ಬಿ ವಿಭಾಗಕ್ಕೆ ಗಣಿತ ಹೇಳಿಕೊಡುವ ಚಿಕ್ಕ ಮಿಸ್. ದೊಡ್ಡ ಮಿಸ್ಸಿನ ಮೈದುನನ ಹೆಂಡತಿ, ಸ್ವಂತ ಓರಗಿತ್ತಿ. ಇದೇ ಮನೆಯ ಮಹಡಿಯ ಮೇಲೆ ಅವಳ ಸಂಸಾರ.

ಆ ಹೊತ್ತಿಗೇ ಮೇಲಿನಿಂದ ಚಿಕ್ಕ ಮಿಸ್ಸಿನ ದನಿ ಕೇಳಿಸಿತು. ಭಾನುವಾರದ ಬೆಳಿಗ್ಗೆ ಬಿ ವಿಭಾಗದ ಹಿಂಡು ಮಹಡಿ ಹತ್ತುವುದು ಈ ವರ್ಷ ಹತ್ತಿದ ಚಾಳಿ. ಪರೀಕ್ಷೆ ಮುಗಿದರೂ ಬಿಟ್ಟಿರಲಿಲ್ಲ. "ಹೇಳ್ರೋ, ಅಕ್ಕ ಎಷ್ಟು?" "ಏಳೂ!" ಎಂದು ಹುಡುಗರೆಲ್ಲ ಒಟ್ಟಿಗೆ ಕೂಗಿದರು. ಆಮೇಲೆ ನಗು. ಸೂರು ಹಾರಿಹೋಗುವಂಥ ನಗು.

"ಕೇಳಿಸ್ತಾ?" ಎಂದರು ದೊಡ್ಡ ಮಿಸ್.

ಕಿಟಕಿಯ ಬಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಅವರ ಗಂಡ ತಲೆಯೆತ್ತಿದರು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ಯಾರ ಜಗಳವನ್ನೂ ಮೈಗೆ ಹಚ್ಚಿಕೊಳ್ಳದೆ ಇರುವುದನ್ನು ಕಲಿತ ಮನುಷ್ಯ. "ಏನು? ಮಕ್ಕಳು ಓದ್ಕೋತಿದಾರೆ."

"ಓದ್ಕೋತಿಲ್ಲ, ಆಡ್ಕೋತಿದಾರೆ. ನನ್ನನ್ನ. ನಿಮ್ಮ ಚಿಕ್ಕೋಳು ನಮ್ಮ ತಲೆ ಮೇಲೇ ಕೂತ್ಕೊಂಡು, ಅಕ್ಕನ ಬೆಲೆ ಎಷ್ಟು ಅಂತ ಹುಡುಗರ ಕೈಲಿ ಕೂಗಿಸ್ತಿದಾಳೆ."

"ಅಯ್ಯೋ, ನಿಂಗೊಂದು," ಎಂದು ಅವರು ಕಾಲರಿಗೆ ನೀರು ಚಿಮುಕಿಸಿದರು.

ದೊಡ್ಡ ಮಿಸ್ ಎದ್ದು ಬಾಗಿಲಿಗೆ ಹೋದರು. ಮಹಡಿಯ ಮೆಟ್ಟಿಲು ಶುರುವಾಗುವುದು ಅವರ ಹೊಸಿಲಿನ ಪಕ್ಕದಲ್ಲೇ. ಅಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಸವೆದದ್ದು, ಪಿನ್ನು ಚುಚ್ಚಿದ್ದು, ಒಂದು ಕಾಲಿಗೆ ನೀಲಿ ಒಂದು ಕಾಲಿಗೆ ಕಪ್ಪು, ಅಪ್ಪನದೋ ಅಣ್ಣನದೋ ಇರಬೇಕಾದ ದೋಣಿಯಂಥ ಬೂಟು. ಇಷ್ಟು ವರ್ಷ ಪಾಠ ಮಾಡಿದ ಅವರ ಬಾಗಿಲಿಗೆ ಒಂದು ಭಾನುವಾರವಾದರೂ ಒಂದು ಜೊತೆ ಚಪ್ಪಲಿ ಬಂದಿತ್ತೇ? ಎ ವಿಭಾಗದ ಮಕ್ಕಳಿಗೆ ಭಾನುವಾರ ಈಜು ಇರುತ್ತದೆ, ಸಂಗೀತ ಇರುತ್ತದೆ, ಹೆಚ್ಚು ಫೀಸಿನ ಟ್ಯೂಷನ್ ಇರುತ್ತದೆ. ಹೊಟ್ಟೆ ಉರಿದುಹೋಯಿತು. ಕಾಲಿನಿಂದ ಒಂದೆರಡು ಚಪ್ಪಲಿ ಪಕ್ಕಕ್ಕೆ ತಳ್ಳಿ ಒಳಗೆ ಬಂದರು.

ಆ ಶಾಲೆಯ ವಿಷಯ ಸ್ವಲ್ಪ ಹೇಳಿಬಿಡಬೇಕು. ಸರ್ಕಾರಿ ಪ್ರೌಢಶಾಲೆ. ರಸ್ತೆಯ ಈ ಕಡೆ ಕ್ವಾರ್ಟರ್ಸು, ಅಂಗಡಿ ಸಾಲು, ವಕೀಲರ ಮನೆಗಳು. ಆ ಕಡೆ ಹೆಂಚಿನ ಕಾರ್ಖಾನೆ, ಅದರಾಚೆ ಕಟ್ಟಡದ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರ ತಗಡಿನ ಶೆಡ್ಡುಗಳು. ಈ ಕಡೆಯವರು ಎ ವಿಭಾಗ, ಆ ಕಡೆಯವರು ಬಿ ವಿಭಾಗ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ, ಆದರೂ ಪ್ರತಿ ವರ್ಷ ಹಾಗೇ ಆಗುತ್ತಿತ್ತು. ಬಿ ವಿಭಾಗದ ಅರ್ಧಕ್ಕರ್ಧ ಮಕ್ಕಳಿಗೆ ಮನೆಮಾತೇ ಬೇರೆ. ಒಂಬತ್ತು ಮುಗಿಯುವಷ್ಟರಲ್ಲಿ ಹುಡುಗಿಯರು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಶೆಡ್ಡಿಗೆ, ಹುಡುಗರು ಇಟ್ಟಿಗೆ ಹೊರಲು ಸೈಟಿಗೆ. ಉಳಿದ ನಾಲ್ಕಾರು ಮಕ್ಕಳನ್ನು ಎ ವಿಭಾಗದ ಹಿಂದಿನ ಬೆಂಚಿಗೆ ಸೇರಿಸಿ ಹತ್ತನೇ ತರಗತಿ ಒಂದೇ ಮಾಡುತ್ತಿದ್ದರು. ಆ ಹತ್ತನೇ ತರಗತಿಗೆ ಗಣಿತ ಯಾವಾಗಲೂ ದೊಡ್ಡ ಮಿಸ್‌ದು.

ಹೆಡ್ ಮಾಸ್ಟರಿಗೆ ಅಂಕಿಅಂಶದ ಹುಚ್ಚು. ಸ್ಟಾಫ್ ರೂಮಿನ ಗೋಡೆಯುದ್ದದ ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕಂಬ ಎಳೆಯುವುದೇ ಅವರಿಗೆ ಪರಮಾನಂದ. ಎ ವಿಭಾಗಕ್ಕೆ ಹಸಿರು ಕಂಬ, ಬಿ ವಿಭಾಗಕ್ಕೆ ಹಳದಿ. ಮನೆಮಾತಿಗೊಂದು ಕಂಬ, ತಂದೆತಾಯಿಯ ಕೆಲಸಕ್ಕೊಂದು ಕಂಬ, ಶಾಲೆ ಬಿಟ್ಟವರಿಗೊಂದು ಕಂಬ. ಹಸಿರು ಎತ್ತರವಾಗಿ ನಿಂತಾಗ ಎಲ್ಲರೂ ದೊಡ್ಡ ಮಿಸ್ಸಿನ ಕಡೆ ನೋಡುತ್ತಿದ್ದರು. ಹಳದಿ ಕುಳ್ಳಗೆ ಕೂತಾಗ ಹಲಗೆಯ ಮೇಲಿನ ಮಿಕ್ಕ ಕಂಬಗಳ ಕಡೆ ನೋಡುತ್ತಿದ್ದರು. "ಪಾಪ, ಏನು ಮಾಡಕ್ಕಾಗತ್ತೆ, ಮನೇಲಿ ಓದಿಸೋರಿಲ್ಲ" ಎನ್ನುವ ಮಾತು ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ, ಎಲ್ಲರಿಗಿಂತ ಮೆತ್ತಗಿನ ದನಿಯಲ್ಲಿ ಹೇಳಿದವರು ದೊಡ್ಡ ಮಿಸ್ಸೇ. ಹಾಗೆ ಹೇಳುವಾಗ ಅವರಿಗೆ ನಿಜವಾಗಿಯೂ ಕನಿಕರವಿರುತ್ತಿತ್ತು. ಎತ್ತರದಲ್ಲಿ ಕೂತು ಕನಿಕರಪಡುವುದಕ್ಕೆ ಏನು ಕಷ್ಟ!

ಈ ವರ್ಷ ಬಿ ವಿಭಾಗದಲ್ಲಿ ಯಾರೂ ಶಾಲೆ ಬಿಡಲಿಲ್ಲ. ಬೆಂಚು ಸಾಲದೆ ಇಬ್ಬರು ಕೂರುವ ಕಡೆ ಮೂವರು ಕೂತರು. ಹೆಡ್ ಮಾಸ್ಟರು ಸಭೆಯಲ್ಲಿ ಹೇಳಿಯೇಬಿಟ್ಟರು, "ಈ ಸಲ ಪರೀಕ್ಷೇಲಿ ಯಾವ ವಿಭಾಗ ಮೇಲೆ ಬರುತ್ತೋ, ಆ ಮಿಸ್ಸಿಗೇ ಮುಂದಿನ ವರ್ಷ ಹತ್ತನೇ ಕ್ಲಾಸು. ಪತ್ರಿಕೆ ಮಾತ್ರ ಅದಲು ಬದಲು ಮಾಡ್ಕೊಂಡು ತಿದ್ದಬೇಕು. ಒಂದೇ ಮನೆಯವರು ಅಂತ ಆಮೇಲೆ ಯಾರೂ ಮಾತಾಡೋ ಹಾಗಿರಬಾರದು ನೋಡಿ."

ಈಗ ಆ ಪತ್ರಿಕೆಗಳು ದೊಡ್ಡ ಮಿಸ್ಸಿನ ಮುಂದಿದ್ದವು. ಮಧ್ಯಾಹ್ನದ ತನಕ ತಿದ್ದಿದರು. ತಿದ್ದುತ್ತಾ ತಿದ್ದುತ್ತಾ ಅವರ ಮುಖ ಬಿಗಿದುಕೊಂಡಿತು. ಮಕ್ಕಳು ಚೆನ್ನಾಗಿ ಬರೆದಿದ್ದರು. ಅಕ್ಷರ ಕೋಳಿ ಕಾಲು ಕೆದರಿದಂತಿತ್ತು, ಕಾಗುಣಿತ ದೇವರಿಗೇ ಪ್ರೀತಿ, ಆದರೆ ಲೆಕ್ಕ ತಪ್ಪಿರಲಿಲ್ಲ. ಇದೇ ಲೆಕ್ಕಕ್ಕೆ ಎ ವಿಭಾಗದ ಮಕ್ಕಳು ಎಕ್ಸನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿಸಿ ಕೊನೆಗೆ ಎಲ್ಲೋ ಕಳೆದುಹಾಕಿರುತ್ತಾರೆ. ಅದು ದೊಡ್ಡ ಮಿಸ್ಸಿಗೆ ಗೊತ್ತಿತ್ತು. ಬಾಯಿಪಾಠದ ಮಕ್ಕಳು. ಇಷ್ಟು ದಿನ ಅದೇ ಸಾಕಾಗಿತ್ತು.

ನಿಯಮ ಸ್ಪಷ್ಟವಾಗಿತ್ತು. ಗೊತ್ತಿಲ್ಲದ ಸಂಖ್ಯೆಯನ್ನು ಅಕ್ಷರದಿಂದ ಸೂಚಿಸುವುದಕ್ಕೆ ಒಂದು ಅಂಕ. ಅಕ್ಕ ಅಕ್ಷರವೇ? ಅಲ್ಲ. ಅಂಥ ಲೆಕ್ಕಗಳು ಪತ್ರಿಕೆಯಲ್ಲಿ ಮೂರಿದ್ದವು. ದೊಡ್ಡ ಮಿಸ್ ಮೊದಲನೆಯ ಪತ್ರಿಕೆಗೆ ಮರಳಿ ಹೋಗಿ, 'ಅಕ್ಕ'ನ ಸುತ್ತ ಒಂದು ಕೆಂಪು ಸುತ್ತು ಹಾಕಿ ಒಂದು ಅಂಕ ಕಳೆದರು. ಎರಡನೆಯ ಲೆಕ್ಕದಲ್ಲಿ ಇನ್ನೊಂದು. ಮೂರನೆಯದರಲ್ಲಿ ಮತ್ತೊಂದು. ನನ್ನನ್ನು ಆಡಿಕೊಂಡದ್ದಕ್ಕೆ ಇದು ಎಂದುಕೊಂಡರು. 'ಅಕ್ಕ ಸಿಕ್ಕಳು' ಎಂದು ಬರೆದವನ ಪತ್ರಿಕೆಯ ಮೇಲೆ ಪೆನ್ನು ಕಾಗದ ಹರಿಯುವಷ್ಟು ಜೋರಾಗಿ ಓಡಿತು.

ಶುಕ್ರವಾರ ಹೆಡ್ ಮಾಸ್ಟರು ಕಂಬ ಎಳೆದರು. ಮೊದಲು ಹಸಿರು, ಆಮೇಲೆ ಹಳದಿ. ಹಳದಿ ಏರಿತು, ಏರಿತು, ಹಸಿರಿನ ಕುತ್ತಿಗೆಯ ಹತ್ತಿರ ಬಂದು ನಿಂತಿತು. ಒಂದು ಬೆರಳಿನಷ್ಟು ಕಡಿಮೆ.

"ಅಬ್ಬಾ, ಬಿ ವಿಭಾಗ ಇಷ್ಟು ಹತ್ತಿರ ಬಂದಿದ್ದೇ ದೊಡ್ಡದು," ಎಂದು ಅವರು ಕೈ ಒದರಿಕೊಂಡರು. "ಆದ್ರೂ ದೊಡ್ಡ ಮಿಸ್ ದೊಡ್ಡ ಮಿಸ್ಸೇ ಬಿಡಿ."

ದೊಡ್ಡ ಮಿಸ್ಸಿಗೆ ಎದೆ ಹಗುರಾಯಿತು. ಓರೆಗಣ್ಣಿನಿಂದ ಓರಗಿತ್ತಿಯನ್ನು ನೋಡಿದರು. ಅವಳು ಜಗಳವಾಡಲಿ, ಅಳಲಿ, ಮುಖ ಊದಿಸಿಕೊಳ್ಳಲಿ ಎಂದಿತ್ತು ಅವರಿಗೆ. ಚಿಕ್ಕ ಮಿಸ್ ತನಗೆ ಬಂದ ಕಟ್ಟಿನಲ್ಲಿ ಮೇಲಿನ ಪತ್ರಿಕೆ ತೆರೆದು, ಕೆಂಪು ಸುತ್ತನ್ನು ನೋಡಿ, ಮೆಲ್ಲಗೆ ಮುಚ್ಚಿ, ಪಾಠಕ್ಕೆ ಹೊರಟುಹೋದಳು. ಅವತ್ತು ಸಂಜೆ ಮಹಡಿಯಿಂದ "ಅಕ್ಕಾ, ಟೀಗೆ ನೀರಿಟ್ಟಿದೀರಾ?" ಎಂಬ ಕೂಗೂ ಬರಲಿಲ್ಲ. ಮದುವೆಯಾಗಿ ಬಂದಾಗಿನಿಂದ ತಪ್ಪದ ಕೂಗು ಅದು. ದೊಡ್ಡ ಮಿಸ್ ರೂಢಿಯಂತೆ ಎರಡು ಲೋಟಕ್ಕೆ ಸುರಿದು, ಒಂದನ್ನು ಕುಡಿದರು. ಇನ್ನೊಂದು ಆರಿ ಕೆನೆ ಕಟ್ಟಿತು.

ಆ ಶಾಲೆಯಲ್ಲಿ ಅಂಕದ ಬಗ್ಗೆ ತಕರಾರಿದ್ದರೆ ತಿದ್ದಿದವರನ್ನೇ ಕೇಳಬೇಕು. ಕೇಳುವ ಧೈರ್ಯ ಸಾಮಾನ್ಯವಾಗಿ ಯಾರಿಗೂ ಇರುತ್ತಿರಲಿಲ್ಲ. ಸೋಮವಾರ ಊಟದ ಬಿಡುವಿನಲ್ಲಿ ಯಾಕಮ್ಮ ಬಂದಳು. ಯಾಕಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಎಲ್ಲದಕ್ಕೂ ಯಾಕೆ ಎನ್ನುತ್ತಾಳೆಂದು ಶಾಲೆ ಇಟ್ಟದ್ದು. ಬಿ ವಿಭಾಗದ ಸಣಕಲು ಹುಡುಗಿ. ಶೆಡ್ಡಿನವಳು, ಈ ಭಾಷೆಯನ್ನು ಬೀದಿಯಲ್ಲಿ ಹೆಕ್ಕಿಕೊಂಡವಳು. ಹಾಗಾಗಿ ಅವಳಿಗೆ 'ನೀವು' ಬಾರದು, ಎಲ್ಲರಿಗೂ ನೀನೇ.

"ಮಿಸ್, ನೀನು ಇಲ್ಲಿ ಯಾಕೆ ಕಟ್ ಮಾಡಿದೀಯಾ?"

ಸ್ಟಾಫ್ ರೂಮಿನಲ್ಲಿ ಕೂತಿದ್ದ ಇಬ್ಬರು ಮೇಷ್ಟ್ರುಗಳು ಡಬ್ಬಿಯಿಂದ ತಲೆಯೆತ್ತಿದರು. ದೊಡ್ಡ ಮಿಸ್ ಸಾವರಿಸಿಕೊಂಡು, "ಗೊತ್ತಿಲ್ಲದ ಸಂಖ್ಯೆಗೆ ಅಕ್ಷರ ಬರೀಬೇಕಮ್ಮಾ. ಎಕ್ಸ್ ಅಂತ," ಎಂದರು.

"ಯಾಕೆ? ಉತ್ತರ ರೈಟ್ ಇದೆ."

"ಉತ್ತರ ಸರಿ ಇದ್ರೆ ಸಾಲದು. ಅಕ್ಕ ಗಿಕ್ಕ ಅಂತೆಲ್ಲಾ ಬರೆದು ದೊಡ್ಡವರನ್ನ ತಮಾಷೆ ಮಾಡಬಾರದು."

ಹುಡುಗಿ ಹುಬ್ಬು ಗಂಟಿಕ್ಕಿದಳು. "ತಮಾಷೆ ಅಲ್ಲ ಮಿಸ್. ಎಕ್ಸ್ ಅಂದ್ರೆ ಯಾರು ಅಂತ ನಮಗೆ ಗೊತ್ತೇ ಇಲ್ಲ. ಅಕ್ಕ ಎಲ್ಲಾರ ಮನೇಲೂ ಇರ್ತಾಳೆ. ಅಮ್ಮ ಕೆಲಸಕ್ಕೆ ಹೋದ್ರೆ ತಿನ್ನೋದೆಲ್ಲಾ ಅಕ್ಕನ ಹತ್ರ. ಎಷ್ಟಿದೆ ಅಂತ ಹೇಳಲ್ಲ. ನಾವೇ ಕಂಡುಹಿಡೀಬೇಕು."

"ಇದನ್ನೆಲ್ಲಾ ನಿಮ್ಮ ಮಿಸ್ ಹೇಳ್ಕೊಟ್ರಾ?"

"ಹೂಂ. ನಮ್ಮ ಮಿಸ್ಸಿಗೆ ಲೆಕ್ಕ ಬರ್ತಾನೇ ಇರಲಿಲ್ವಂತೆ. ನಮ್ಮ ಥರಾನೇ. ಎರಡು ಸಲ ಫೇಲಂತೆ! ಆಮೇಲೆ ಅವಳ ಅಕ್ಕ ಹೇಳ್ಕೊಟ್ಟಿದ್ದಂತೆ." ಯಾಕಮ್ಮ ಪತ್ರಿಕೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಬಲಗೈ ಮುಷ್ಟಿ ಬಿಗಿದು ದೊಡ್ಡ ಮಿಸ್ಸಿನ ಮೂಗಿನ ಮುಂದೆ ಹಿಡಿದಳು. "ಹಿಂಗೆ. ಅಂಗಿ ಗುಂಡಿ ಮುಷ್ಟೀಲಿ ಬಚ್ಚಿಟ್ಟು. 'ಎಕ್ಸ್ ಅಂದ್ರೆ ನಾನೇ ಅನ್ಕೋ. ನಾನು ಬಾಯಿ ಬಿಡಲ್ಲ, ನೀನೇ ಕಂಡುಹಿಡಿ' ಅಂತ. ಆ ಅಕ್ಕ ಭಾಳ ಒಳ್ಳೆ ಟೀಚರಂತೆ ಮಿಸ್. ಅಂಥೋರು ಈಗ ಎಲ್ಲೂ ಇಲ್ವಂತೆ."

ದೊಡ್ಡ ಮಿಸ್ ಆ ಮುಷ್ಟಿಯನ್ನೇ ನೋಡುತ್ತಾ ಕೂತರು.

ಗುಂಡಿಯ ಡಬ್ಬಿ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ, ಮುಚ್ಚಳ ತೆಗೆಯಲು ಚಮಚ ಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಓರಗಿತ್ತಿ ಟೀಚರ್ ಟ್ರೈನಿಂಗಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಗಣಿತದಲ್ಲಿ ಡುಮ್ಕಿ ಹೊಡೆದು ಬಚ್ಚಲಲ್ಲಿ ಕೂತು ಅಳುತ್ತಿದ್ದಳು. ಅವಳನ್ನು ಎಳೆದು ತಂದು ಊಟದ ಮೇಜಿಗೆ ಕೂರಿಸಿ, ಗುಂಡಿಗಳನ್ನು ಸುರಿದು, ಕೆಲವನ್ನು ಮುಷ್ಟಿಯಲ್ಲಿ ಹಿಡಿದು... ಆಗ ತರಗತಿಯಲ್ಲೂ ಹೀಗೇ ಏನೇನೋ ಮಾಡುತ್ತಿದ್ದರು ದೊಡ್ಡ ಮಿಸ್. ಆಮೇಲೆ ಎ ವಿಭಾಗ ಸಿಕ್ಕಿತು. ಅಲ್ಲಿನ ಮಕ್ಕಳಿಗೆ ಏನೂ ಮಾಡದೆ ಇದ್ದರೂ ಅಂಕ ಬರುತ್ತಿತ್ತು. ಹಸಿರು ಕಂಬ ತಾನಾಗಿ ಎದ್ದು ನಿಲ್ಲುತ್ತಿತ್ತು. ಡಬ್ಬಿ ಅಟ್ಟ ಸೇರಿತು.

"ಮಿಸ್," ಎಂದಳು ಯಾಕಮ್ಮ. "ಅಕ್ಕ ತಪ್ಪಾ?"

ಹೂಂ ಎಂದರೆ ಮುಗಿಯಿತು, ಹುಡುಗಿ ಹೋಗುತ್ತಾಳೆ. ಹತ್ತನೇ ತರಗತಿ ಉಳಿಯುತ್ತದೆ. ಅಷ್ಟೇ ಏಕೆ, ಆ ಕ್ಷಣದಲ್ಲೂ ದೊಡ್ಡ ಮಿಸ್ಸಿನ ಹೊಟ್ಟೆಯಲ್ಲಿ ಉರಿದದ್ದು ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚೇ. ಇದು ನನ್ನ ಪಾಠ. ನನ್ನ ಗುಂಡಿ, ನನ್ನ ಮುಷ್ಟಿ, ನನ್ನ ಮಾತು. ಅದನ್ನು ಇವಳು ಎತ್ತಿಕೊಂಡು ಹೋಗಿ ಇಷ್ಟು ಮಕ್ಕಳನ್ನು ಗೆದ್ದುಕೊಂಡಳಲ್ಲ! ಯಾರು ಬೇಡ ಅಂದಿದ್ದರು ನನಗೆ?

"ಇಲ್ಲ," ಎಂದರು. ದನಿ ತಮ್ಮದಲ್ಲವೆನ್ನಿಸಿತು. "ತಪ್ಪಲ್ಲ. ಹೋಗಿ ಎಲ್ಲರ ಪೇಪರೂ ಇಸ್ಕೊಂಡು ಬಾ."

"ಯಾಕೆ?"

"ಹೇಳಿದಷ್ಟು ಮಾಡೇ ತಾಯಿ."

ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಕೂತು ಒಂದೊಂದೇ ಕಳೆದ ಅಂಕವನ್ನು ಮರಳಿ ಬರೆದು, ಪಕ್ಕದಲ್ಲಿ ಸಹಿ ಹಾಕಿದರು. 'ಅಕ್ಕ ಸಿಕ್ಕಳು' ಎಂದಿದ್ದ ಪತ್ರಿಕೆ ಹರಿದಿತ್ತು. ಅದಕ್ಕೆ ಹಿಂದಿನಿಂದ ಕಾಗದ ಅಂಟಿಸಿದರು. ಕಟ್ಟನ್ನು ತಂದು ಹೆಡ್ ಮಾಸ್ಟರ ಮೇಜಿನ ಮೇಲೆ ಇಟ್ಟಾಗ ಅವರು ಗಾಬರಿಯಾದರು.

"ಏನಿದು ಮಿಸ್, ಆಗಲೇ ಮೇಲಿನ ಕಚೇರಿಗೆ ಕಳಿಸೋಕೆ ರೆಡಿ ಮಾಡಿದೀನಿ."

"ತಿದ್ದಿ ಸರ್. ನಾನು ಕಳೀಬಾರದ ಅಂಕ ಕಳೆದಿದ್ದೆ."

"ಗಮನಿಸಲಿಲ್ಲ ಅನ್ಸುತ್ತೆ, ಕಣ್ತಪ್ಪು..."

"ಕಣ್ತಪ್ಪಲ್ಲ. ಬೇಕು ಅಂತಾನೇ ಕಳೆದಿದ್ದೆ."

ಅಂಥ ಮಾತಿಗೆ ಹೆಡ್ ಮಾಸ್ಟರ ಹತ್ತಿರ ಕಂಬವಿರಲಿಲ್ಲ. ಹಳದಿ ಸೀಮೆಸುಣ್ಣ ಎತ್ತಿಕೊಂಡು ಹಲಗೆಯತ್ತ ಹೋದರು. ದೊಡ್ಡ ಮಿಸ್ ನಿಂತು ನೋಡಲಿಲ್ಲ. ಕಾರಿಡಾರಿನಲ್ಲಿ ನಡೆಯುವಾಗಲೂ ಸೀಮೆಸುಣ್ಣ ಹಲಗೆಯ ಮೇಲೆ ಕಿರ್ರೆಂದದ್ದು ಕೇಳಿಸುತ್ತಿತ್ತು.

ಸಂಜೆ ಚಿಕ್ಕ ಮಿಸ್ ಕೂಗದೆಯೇ ಕೆಳಗೆ ಇಳಿದು ಬಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ದೊಡ್ಡ ಮಿಸ್ ಬೆನ್ನು ತಿರುಗಿಸಿಯೇ ಟೀ ಸೋಸಿದರು.

"ಅಕ್ಕಾ, ಹೆಡ್ ಮಾಸ್ಟರು ಹೇಳಿದ್ರು."

"ಹೇಳಿರ್ತಾರೆ. ಅವರ ಬಾಯಲ್ಲಿ ಏನು ನಿಲ್ಲುತ್ತೆ."

"ನೀವು ಯಾಕೆ ಕಳೆದ್ರಿ ಅಂತ ನಂಗೆ ಕೋಪ ಬಂದಿರಲಿಲ್ಲ ಅಕ್ಕಾ." ಚಿಕ್ಕ ಮಿಸ್ ಒಂದು ಹೆಜ್ಜೆ ಒಳಗೆ ಬಂದಳು. "ಬೇಜಾರಾಗಿತ್ತು. ಪತ್ರಿಕೆ ನಿಮ್ಮ ಕೈಗೇ ಬರುತ್ತೆ ಅಂತ ಗೊತ್ತಾದಾಗ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಆ ಭಾನುವಾರ ಮೇಲೆ ಕೂತು ಕಿವಿ ಇಟ್ಕೊಂಡು ಕಾಯ್ತಿದ್ದೆ. ಮೊದಲನೇ ಪೇಪರು ನೋಡಿದ ತಕ್ಷಣ ನಕ್ಕುಬಿಡ್ತಾರೆ, 'ಏನೇ ಇದು, ನನ್ನನ್ನೇ ಬರೆಸಿದೀಯಾ' ಅಂತ ಕೂಗ್ತಾರೆ ಅಂತ."

ದೊಡ್ಡ ಮಿಸ್ಸಿನ ಕೈಯಲ್ಲಿ ಸೋಸುವ ಜರಡಿ ಹಾಗೇ ನಿಂತಿತು. ಹನಿ ತೊಟ್ಟಿಕ್ಕಿ ಕಟ್ಟೆಯ ಮೇಲೆ ಕಲೆಯಾಯಿತು.

"ನಿಮಗೆ ನೆನಪೇ ಇರಲಿಲ್ವಾ?"

"ಏನು?"

"ಗುಂಡಿ."

"ಯಾವ ಗುಂಡಿ? ನಂಗೇನೂ ನೆನಪಿಲ್ಲ," ಎಂದು ದೊಡ್ಡ ಮಿಸ್ ಲೋಟವನ್ನು ಅವಳ ಕಡೆ ತಳ್ಳಿದರು. "ಸಕ್ಕರೆ ಸಾಲದೆ ಇದ್ರೆ ನೀನೇ ಹಾಕ್ಕೋ. ಹತ್ತನೇ ಕ್ಲಾಸಿನ ಟೀಚರಿಗೆ ನಾನು ಬಡಿಸೋಕಾಗಲ್ಲ."

ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. ಚಿಕ್ಕ ಮಿಸ್ ನಗಬೇಕೋ ಬೇಡವೋ ತಿಳಿಯದೆ ಎರಡು ಚಮಚ ಸಕ್ಕರೆ ಸುರಿದುಕೊಂಡಳು. ಆಮೇಲೆ ಇಬ್ಬರೂ ನಿಂತುಕೊಂಡೇ ಟೀ ಕುಡಿದರು.

ಹೊಟ್ಟೆಕಿಚ್ಚು ಆರಿತೇ? ಎಲ್ಲಿಂದ ಆರೀತು! ಆ ವಾರವಿಡೀ ಸ್ಟಾಫ್ ರೂಮಿಗೆ ಹೋದಾಗಲೆಲ್ಲ ಹಳದಿ ಕಂಬ ಅವರ ಕಣ್ಣು ಕುಕ್ಕಿತು. ಇತಿಹಾಸದ ಮೇಷ್ಟ್ರು ಚಿಕ್ಕ ಮಿಸ್ಸಿಗೆ ಕುರ್ಚಿ ಬಿಟ್ಟುಕೊಟ್ಟದ್ದನ್ನು ನೋಡಿ ಮೈ ಪರಚಿಕೊಳ್ಳುವಂತಾಯಿತು. ಶನಿವಾರ ಗಂಡನ ಹತ್ತಿರ ಸ್ಟೂಲು ಹಿಡಿಸಿ ಅಟ್ಟ ಹತ್ತಿ, ಧೂಳಿನಲ್ಲಿ ಸೀನುತ್ತಾ ಏನನ್ನೋ ಹುಡುಕಿದರು. "ಏನೇ ಅದು?" ಎಂದು ಅವರು ಕೇಳಿದ್ದಕ್ಕೆ, "ನಿಮ್ಮ ಅಂಗಿ ಗುಂಡಿ ಬಿದ್ದಿಲ್ವಾ?" ಎಂದರು. ಗಂಡ ತಮ್ಮ ಅಂಗಿಯನ್ನು ಮೇಲಿಂದ ಕೆಳಗೆ ನೋಡಿಕೊಂಡರು. ಒಂದೂ ಬಿದ್ದಿರಲಿಲ್ಲ.

ಭಾನುವಾರ ಹೊಸಿಲ ಪಕ್ಕ ಮತ್ತೆ ಚಪ್ಪಲಿಗಳ ರಾಶಿ. ದೊಡ್ಡ ಮಿಸ್ ಊಟದ ಮೇಜಿನ ಮೇಲೆ ಡಬ್ಬಿಯಿಟ್ಟುಕೊಂಡು ಚಮಚದಿಂದ ಮುಚ್ಚಳ ಎಬ್ಬಿಸುತ್ತಿದ್ದರು. ಮೇಲೆ "ಅಕ್ಕ ಎಷ್ಟು?" ಶುರುವಾಯಿತು. ಒಬ್ಬ ಒಂಬತ್ತು ಎಂದ, ಇನ್ನೊಬ್ಬ ಹನ್ನೊಂದು ಎಂದ. ಗಲಾಟೆಯೋ ಗಲಾಟೆ. ಚಿಕ್ಕ ಮಿಸ್ ಏನೋ ಪಿಸುಗುಟ್ಟಿದಳು. ಒಮ್ಮೆಲೇ ಎಲ್ಲ ಸದ್ದಡಗಿತು. ಆಮೇಲೆ ಮೆಟ್ಟಿಲ ಮೇಲೆ ದಡಬಡ ಬರಿಗಾಲಿನ ಸದ್ದು.

ಯಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಮೆಟ್ಟಿಲುಗಳ ಮೇಲೆ ತಲೆಗಳೇ ತಲೆಗಳು. ಅವಳು ದೊಡ್ಡ ಮಿಸ್ಸನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಮತ್ತೆ ದೊಡ್ಡ ಮಿಸ್ಸನ್ನು ನೋಡಿದಳು. ಬಾಯಿ ತೆರೆದುಕೊಂಡಿತು.

"ಆ ಅಕ್ಕ ನೀನಾ?"

ದೊಡ್ಡ ಮಿಸ್ ಡಬ್ಬಿಯೊಳಗೆ ಕೈ ಹಾಕಿ, ಸಿಕ್ಕಷ್ಟನ್ನು ಮುಷ್ಟಿಯಲ್ಲಿ ಹಿಡಿದು, ಮೇಜಿನ ಮೇಲಿಟ್ಟರು. ಬೆರಳು ಬಿಗಿದೇ ಇತ್ತು. ಬೆರಳ ಸಂದಿಯಿಂದ ಒಂದು ಬಿಳಿಯ ಗುಂಡಿ ಇಣುಕುತ್ತಿತ್ತು. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಗೆ ಬಂದರು.